ಕೆಂಪಣ್ಣ ಉಗುರು ನೋಡಿದ ಮಳೆಗಾಲ

ಹೋದ ತಿಂಗಳು ಮಿಕ್ಸಿ ಜಾರ್ ರಿಪೇರಿಗೆ ಕೊಡಲು ಕಾಮಾಕ್ಷಿಪಾಳ್ಯಕ್ಕೆ ಹೋಗಿದ್ದೆ. ಬೆಳಿಗ್ಗೆ ಹತ್ತು ಗಂಟೆ. ದಾರಿಯಲ್ಲಿ ಒಂದು ಬಾರಿನ ಷಟರ್ ಅರ್ಧ ಎತ್ತಿ, ಒಳಗೆ ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತಿದ್ದರು. ಫಿನಾಯಿಲು, ಹಿಂದಿನ ದಿನದ ಬಿಯರು, ಆಗಷ್ಟೇ ಹೆಚ್ಚಿದ ಈರುಳ್ಳಿ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಜಾರ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನೆಲ ಒರೆಸುತ್ತಿದ್ದವನು ತಲೆ ಎತ್ತಿ, "ಇನ್ನೂ ಓಪನ್ ಆಗಿಲ್ಲ ತಾತ" ಎಂದ. ಆಮೇಲೆ ಜಾರ್ ನೋಡಿ, "ಪಾರ್ಸಲ್ ಇದ್ರಲ್ಲೇ ಬೇಕಾ?" ಎಂದೂ ಕೇಳಿದ.

ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಟ್ಟು, ಅವನಿಂದಲೇ ಕಾಫಿ ತರಿಸಿಕೊಂಡು ಕುಡಿದು ಬರುತ್ತಿದ್ದೆ. ನಾನು ಅಂಥ ಆಸಾಮಿ. ಆವತ್ತು ಮಾತ್ರ ಆ ವಾಸನೆ ನನ್ನ ಕಾಲರ್ ಹಿಡಿದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಗಿತ್ತು.

ಆಗ ನನಗೆ ಇಪ್ಪತ್ತಾರು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ನಡೆಸುವ ಟರ್ನರ್. ಹೆಸರು ಶ್ರೀನಿವಾಸ, ಕರೆಯುತ್ತಿದ್ದದ್ದು ಸೀನ, ಬೆನ್ನ ಹಿಂದೆ ಕಪಿ ಸೀನ. ಆ ಬಿರುದನ್ನು ನಾನು ಬೆವರು ಸುರಿಸಿ ಸಂಪಾದಿಸಿದ್ದೆ. ಕ್ಯಾಂಟೀನಿನ ಬೋರ್ಡಿಗೆ "ಇಂದು ದೊಡ್ಡ ಸಾಹೇಬರು ಸ್ವತಃ ಬಿಸಿಬೇಳೆ ಬಾತ್ ಬಡಿಸುವರು" ಎಂದು ಟೈಪ್ ಮಾಡಿದ ನೋಟೀಸು ಅಂಟಿಸಿ, ಇಡೀ ಫಸ್ಟ್ ಶಿಫ್ಟು ತಲೆ ಬಾಚಿಕೊಂಡು ತಟ್ಟೆ ಹಿಡಿದು ಸಾಲು ನಿಲ್ಲುವಂತೆ ಮಾಡಿದವನು ನಾನು. ಲಗ್ಗೆರೆಯ ನನ್ನ ಗೆಳೆಯ, ಫಿಟ್ಟರ್ ಬಾಬುವಿಗೆ ಹುಡುಗಿಯ ಕೈಬರಹದಲ್ಲಿ ಪತ್ರ ಬರೆದು, ಎರಡು ಮೊಳ ಮಲ್ಲಿಗೆ ಸಮೇತ ಬಸ್ ಸ್ಟಾಪಿನಲ್ಲಿ ಮೂರು ತಾಸು ನಿಲ್ಲಿಸಿದವನೂ ನಾನೇ. ಆ ಹೂವನ್ನು ಅವನು ಕೊನೆಗೆ ನನಗೇ ಮುಡಿಸಲು ಬಂದ, ಅದು ಬೇರೆ ಮಾತು.

ಆ ಕಾಲದಲ್ಲಿ ಫ್ಯಾಕ್ಟರಿಯ ಬೆನ್ನಿಗೇ ಕೆಂಪಣ್ಣನವರ ಬಾರ್ ಇತ್ತು. ಕೆಂಪಣ್ಣ ಅದೇ ಜಾಗದ ಹಳೆಯ ಹಳ್ಳಿಯವರು. ಅವರ ರಾಗಿ ಹೊಲ ಲೇಔಟಿಗೆ ಹೋಗಿತ್ತು, ಉಳಿದ ತುಂಡು ಜಾಗದಲ್ಲಿ ಹನ್ನೆರಡು ಮೇಜಿನ ಈ ಬಾರ್. ತಾವು ಒಂದು ಹನಿ ಮುಟ್ಟುವವರಲ್ಲ. ಹಣೆಗೆ ವಿಭೂತಿ, ಬಿಳಿ ಪಂಚೆ, ಗಲ್ಲಾದ ಹಿಂದೆ ಎತ್ತರದ ಸ್ಟೂಲು. ಅವರ ತಲೆಯ ಮೇಲೆ ಲೈಸೆನ್ಸಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು, ಅದಕ್ಕೆ ದಿನಾ ಒಂದು ದಾಸವಾಳ. ಪಕ್ಕದಲ್ಲಿ ಬೋರ್ಡು: "ವಯಸ್ಸಿಗೆ ಬಾರದವರಿಗೆ ಮದ್ಯ ಕೊಡಲಾಗುವುದಿಲ್ಲ."

ಬೋರ್ಡು ಎಲ್ಲ ಬಾರಿನಲ್ಲೂ ಇತ್ತು. ಅದನ್ನು ನಂಬಿ ನಡೆಯುತ್ತಿದ್ದವರು ಕೆಂಪಣ್ಣ ಒಬ್ಬರೇ. ಆಗ ವಯಸ್ಸು ತೋರಿಸುವ ಕಾರ್ಡು ಯಾರ ಜೇಬಿನಲ್ಲೂ ಇರುತ್ತಿರಲಿಲ್ಲ. ಕೆಂಪಣ್ಣ ತಮ್ಮದೇ ಪರೀಕ್ಷೆ ಕಂಡುಕೊಂಡಿದ್ದರು. ಎಳೆ ಮುಖ ಕಂಡರೆ, "ಎಲ್ಲಪ್ಪಾ, ಕೈ ತೋರ್ಸು" ಎನ್ನುವರು. ಉಗುರು ನೋಡುವರು. ಉಗುರಿನ ಸಂದಿಯಲ್ಲಿ ಮೆಷಿನ್ನಿನ ಮಸಿ ಇದ್ದರೆ ಫ್ಯಾಕ್ಟರಿಯವನು. ಹದಿನೆಂಟು ತುಂಬದೆ ಫ್ಯಾಕ್ಟರಿಯವರು ಗೇಟಿನೊಳಗೆ ಬಿಡುವುದಿಲ್ಲ, ಆದ್ದರಿಂದ ಕುಳಿತುಕೊಳ್ಳಬಹುದು. ಹೊಲದ ಕೂಲಿಗೆ ಆಳು ಆರಿಸುತ್ತಿದ್ದ ಕಾಲದಲ್ಲೂ ಅವರು ಕೈ ನೋಡುತ್ತಿದ್ದರಂತೆ.

"ಮೀಸೆ ಬರ್ಕೊಂಡ್ ಬರ್ಬೋದು ಕಣಯ್ಯ, ಉಗುರು ಬರ್ಕೊಂಡ್ ಬರೋಕಾಗಲ್ಲ" ಎಂದು ಒಮ್ಮೆ ಜಂಬದಿಂದ ನನಗೇ ಹೇಳಿದರು. ನನ್ನ ಎದುರು ಇನ್ನೊಬ್ಬರು ಜಂಬ ಕೊಚ್ಚುವುದೆಂದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಬಾಬು ತುಪ್ಪ ಸುರಿದ. "ಕೆಂಪಣ್ಣೋರ ಕಣ್ ತಪ್ಸೋಕಾಗಲ್ಲ ಮಗಾ. ಅದು ಕಣ್ಣಲ್ಲ, ಕೂದ್ಲೆಳೆ ಅಳ್ಯೋ ಮೈಕ್ರೋಮೀಟ್ರು."

"ಮೈಕ್ರೋಮೀಟ್ರಿಗೂ ಜೀರೋ ಎರರ್ ಅಂತ ಇರುತ್ತೆ ಗುರು."

"ತಪ್ಸಿ ತೋರ್ಸು. ಅರ್ಧ ಮೀಸೆ ಬೋಳಿಸ್ಕೊಂಡು ಫ್ಯಾಕ್ಟ್ರಿ ಎಲ್ಲಾ ಓಡಾಡ್ತೀನಿ."

ಬಾಬುವಿನ ಮೀಸೆ ಫ್ಯಾಕ್ಟರಿಗೇ ಹೆಸರುವಾಸಿ. ಅರ್ಧ ಮೀಸೆಯ ಬಾಬುವನ್ನು ನೆನೆದೇ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬಸವೇಶ್ವರನಗರದಲ್ಲಿ ನಾನಿದ್ದದ್ದು ಒಂದು ಮನೆಯ ಮಹಡಿ ರೂಮಿನಲ್ಲಿ. ಕೆಳಗೆ ಮನೆಯ ಮಾಲೀಕರು. ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು, ಅಮ್ಮ ಸಾರು ಮಾಡಿದಾಗೆಲ್ಲ ಒಂದು ಬಟ್ಟಲು ನನಗೆ ಕಳಿಸುವ ಪುಣ್ಯಾತ್ಮೆ, ಮಗ ರಾಘು. ಹದಿನಾರು ವರ್ಷ, ಫಸ್ಟ್ ಪಿಯುಸಿ. ವಯಸ್ಸಿಗೆ ಮೀರಿದ ಎತ್ತರ, ಮೀಸೆ ಇದೆಯೋ ಇಲ್ಲವೋ ಎಂಬ ಗುಮಾನಿ. ನನ್ನ ಕೀಟಲೆಗಳ ಕತೆ ಕೇಳಲು ದಿನಾ ಮೆಟ್ಟಿಲು ಹತ್ತಿ ಬರುತ್ತಿದ್ದ. "ಸೀನಣ್ಣ, ನಂಗೂ ಒಂದ್ ಚಾನ್ಸ್ ಕೊಡಿ" ಎಂದು ಪೀಡಿಸುತ್ತಿದ್ದ. ಕೊಟ್ಟೆ.

ಮೂರು ದಿನ ತಾಲೀಮು ನಡೆಯಿತು. ಲೇತಿನ ಟ್ರೇ ತಳದಲ್ಲಿ ಕೂತಿರುವ ಕಪ್ಪು ಮಡ್ಡಿಯನ್ನು ಬೆಂಕಿಪೊಟ್ಟಣದಲ್ಲಿ ತಂದೆ. ಸುಮ್ಮನೆ ಬಳಿದರೆ ಕೆಂಪಣ್ಣ ಒಂದೇ ನೋಟಕ್ಕೆ ಹಿಡಿಯುತ್ತಾರೆ. ದುಡಿಯುವವನ ಕೈ ಕೊಳೆಯಾಗಿರುವುದಿಲ್ಲ, ಎಷ್ಟು ತೊಳೆದರೂ ಸಂದಿಯ ಮಸಿ ಹೋಗಿರುವುದಿಲ್ಲ, ಅಷ್ಟೇ. ಆದ್ದರಿಂದ ಬಳಿಯುವುದು, ಸೋಪು ಹಾಕಿ ತೊಳೆಯುವುದು, ಮತ್ತೆ ಬಳಿಯುವುದು, ಮತ್ತೆ ತೊಳೆಯುವುದು. ಮೂರನೆಯ ದಿನಕ್ಕೆ ರಾಘುವಿನ ಬೆರಳು ನೋಡಿ ನನಗೇ ಅನುಮಾನ ಬಂತು, ಇವನು ನನಗಿಂತ ಸೀನಿಯರ್ ಇರಬಹುದೇ ಎಂದು. ಫೋರ್‌ಮನ್ ಹೆಸರು ಬಾಯಿಪಾಠ ಮಾಡಿಸಿದೆ. ನನ್ನ ಖಾಕಿ ಅಂಗಿ, ಜೇಬಿನ ಮೇಲೆ ಫ್ಯಾಕ್ಟರಿಯ ಬ್ಯಾಡ್ಜು. ಇಷ್ಟು ಚೆನ್ನಾಗಿ ಯಾವ ನಾಟಕದವರೂ ವೇಷ ಕಟ್ಟಿರಲಾರರು.

ಯೋಜನೆ ಸರಳವಾಗಿತ್ತು. ರಾಘು ಗ್ಲಾಸು ಎತ್ತಿದ ತಕ್ಷಣ ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿ, "ಕೆಂಪಣ್ಣೋರೇ, ಇವ್ನು ಕಾಲೇಜ್ ಹುಡುಗ" ಎಂದು ಕೂಗುವುದು. ಅವರು, "ಅಯ್ಯೋ ಕಪಿ" ಎಂದು ಬೈದು ಗ್ಲಾಸು ಕಿತ್ತುಕೊಳ್ಳುವುದು. ಒಂದು ಹನಿಯೂ ಹುಡುಗನ ಗಂಟಲಿಗೆ ಇಳಿಯುವಂತಿರಲಿಲ್ಲ. ಇದನ್ನು ಇಷ್ಟು ವರ್ಷಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆಗಸ್ಟಿನ ಒಂದು ಮಧ್ಯಾಹ್ನ. ಬೆಳಗಿನಿಂದ ಜಿಟಿಜಿಟಿ ಮಳೆ. ಫಸ್ಟ್ ಶಿಫ್ಟು ಬಿಟ್ಟು ಮೂರು ಗಂಟೆಗೆ ಬಾರ್ ತುಂಬಿತ್ತು. ಒದ್ದೆ ಖಾಕಿಯ ವಾಸನೆ, ಬೇಯಿಸಿದ ಕಡಲೆಕಾಯಿಯ ಹಬೆ. ನಾನೂ ಬಾಬುವೂ ಗೋಡೆ ಬದಿಯ ಮೇಜಿನಲ್ಲಿದ್ದೆವು. ರಾಘು ಒಬ್ಬನೇ ಒಳಗೆ ಬಂದ.

ಅವನಿಗಿಂತ ಮುಂದೆ ನಮ್ಮ ಸ್ಟೋರ್ಸಿನ ಕ್ಲರ್ಕ್ ಒಬ್ಬ ನಿಂತಿದ್ದ. ಮದುವೆಯಾಗಿ ಒಂದು ಮಗುವಿನ ತಂದೆ, ಆದರೆ ಮುಖ ಮಾತ್ರ ಹಾಲುಗಲ್ಲ. ಕೆಂಪಣ್ಣ ಕೈ ನೋಡಿದರು. ಪೆನ್ನು ಹಿಡಿಯುವವನ ಕೈ, ಉಗುರು ಬೆಳ್ಳಗೆ.

"ನಡಿಯಪ್ಪ ಆಚೆ. ಓದೋ ವಯಸ್ಸಲ್ಲಿ ಇಲ್ಲೇನ್ ಕೆಲ್ಸ?"

"ಕೆಂಪಣ್ಣೋರೇ, ನಂಗ್ ಮಗು ಇದೆ!"

"ಹಂಗಾದ್ರೆ ಮನೆಗ್ ಹೋಗಿ ಆಡ್ಸು."

ಬಾರೆಲ್ಲ ನಕ್ಕಿತು. ಆಮೇಲೆ ರಾಘುವಿನ ಸರದಿ.

"ಫ್ಯಾಕ್ಟ್ರೀಲಿ ಯಾವ್ ಶಾಪು?"

"ಟರ್ನಿಂಗು."

"ಕೈ ತೋರ್ಸು." ಕೆಂಪಣ್ಣ ಕನ್ನಡಕ ಹಾಕಿಕೊಂಡು ಹತ್ತೂ ಉಗುರು ನೋಡಿದರು. "ಫೋರ್‌ಮನ್ನು ಯಾರು?"

ರಾಘು ಹೆಸರು ಹೇಳಿದ. ಜೊತೆಗೆ ನಾನು ಹೇಳಿಕೊಡದ ಒಂದು ಮಾತನ್ನೂ ಸೇರಿಸಿದ: "ಅವ್ರ್ ಹೆಸ್ರು ಎತ್ಬೇಡಿ ಅಣ್ಣ, ಕುಡ್ಯೋ ಮೂಡೇ ಹೋಗುತ್ತೆ."

ಕೆಂಪಣ್ಣ ಗೊಳ್ಳೆಂದು ನಕ್ಕು ಅವನ ಬೆನ್ನು ತಟ್ಟಿದರು. "ಕೂತ್ಕೊಳಪ್ಪ. ಏಯ್, ಇವ್ರಿಗೇನ್ ಬೇಕು ನೋಡು."

ನಮ್ಮಿಂದ ಎರಡು ಮೇಜು ಆಚೆ ಅವನು ಕುಳಿತ. ಬಿಯರ್ ಬಂತು. ಗ್ಲಾಸು ಎತ್ತಿದ. ನನ್ನತ್ತ ನೋಡಿದ. ಬಾಬುವೂ ನನ್ನತ್ತ ನೋಡಿದ. "ಏಳು ಮಚ್ಚಾ" ಎಂದು ಮೊಣಕೈಯಲ್ಲಿ ತಿವಿದ.

ನಾನು ಏಳಲಿಲ್ಲ. "ಇರು" ಎಂದು ಕೈಸನ್ನೆ ಮಾಡಿದೆ.

ಯಾಕೆ? ನಾಟಕ ಅಷ್ಟು ಚೆನ್ನಾಗಿ ನಡೆಯುತ್ತಿತ್ತು, ಅದಕ್ಕೆ. ಅರ್ಧ ಗ್ಲಾಸಿಗೆ ಎದ್ದರೆ ಸಣ್ಣ ನಗು, ಬಾಟಲಿ ಖಾಲಿಯಾದ ಮೇಲೆ ಎದ್ದರೆ ದೊಡ್ಡ ನಗು ಎಂದು ಲೆಕ್ಕ ಹಾಕಿದೆ. ಬಾಟಲಿ ಖಾಲಿಯಾಯಿತು. ಇನ್ನೊಂದು ತರಿಸಿಕೊಂಡ. ಪಕ್ಕದ ಮೇಜಿನವರು ಇವನ ಮಾತಿಗೆ ಮರುಳಾಗಿ ತಮ್ಮ ರಮ್ಮಿನಲ್ಲಿ ಒಂದಿಷ್ಟು ಸುರಿದರು. ನಾನು ಬಾಬುವಿಗೆ ಮಡ್ಡಿ ಬಳಿದು ತೊಳೆದ ಕತೆ ಹೇಳುತ್ತಿದ್ದೆ. ಕತೆ ಹೇಳುವಾಗ ನನಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಮುಗಿಸಿ ತಿರುಗಿ ನೋಡಿದರೆ ರಾಘುವಿನ ಕುರ್ಚಿ ಖಾಲಿ.

"ಬಿಡು, ನಾಳೆ ಕೆಂಪಣ್ಣೋರಿಗೆ ಹೇಳೋಣ. ಇನ್ನೂ ಮಜಾ ಇರುತ್ತೆ" ಎಂದು ಕುಳಿತೇ ಇದ್ದೆ. ಮಳೆ ನಿಲ್ಲಲೆಂದು ಐದು ಗಂಟೆಯವರೆಗೂ ಅಲ್ಲೇ ಇದ್ದೆ.

ಅಷ್ಟರಲ್ಲಿ ಅತ್ತ ರಾಘು ಅಂಗಿ ವಾಪಸು ಇಡಲು ನನ್ನ ರೂಮಿಗೆ ಹೋಗಿದ್ದಾನೆ. ಹೊರಗಿನ ಮೆಟ್ಟಿಲು, ಮಳೆಯಲ್ಲಿ ನೆನೆದು ಜಾರುತ್ತಿತ್ತು. ಮೇಲಿನ ಮೆಟ್ಟಿಲಿನಿಂದ ಕೆಳಗೆ ಬಿದ್ದ. ನಾನು ಮನೆ ತಲುಪುವಷ್ಟರಲ್ಲಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನೆತ್ತಿಗೆ ಹೊಲಿಗೆ, ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಡಾಕ್ಟರಿಗೆ ವಾಸನೆ ಬಂತು, ಬರೆದುಕೊಂಡರು. ಆಸ್ಪತ್ರೆಯ ಪೊಲೀಸಿನವರು ಬಂದು ಎಲ್ಲಿ ಕುಡಿದೆ ಎಂದು ಕೇಳಿದರು, ರಾಘು ಹೇಳಿದ. ಅಂಗಿ ಯಾರದು ಎಂದು ಅವನ ಅಪ್ಪ ಕೇಳಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ರಾಘು ನನ್ನ ಮುಖ ನೋಡದೆ ಹೇಳಿದ: "ಸೀನಣ್ಣಂದು. ತಂತಿ ಮೇಲೆ ಒಣಗಾಕಿದ್ರು. ಕೇಳ್ದೇ ತಗೊಂಡೆ."

ಆ ಹದಿನಾರರ ಹುಡುಗ ಅಷ್ಟು ನೋವಿನಲ್ಲೂ ನನ್ನನ್ನು ಕಾಪಾಡಿದ. ನಾನು ಕಾಪಾಡಿಸಿಕೊಂಡೆ. ನಾಲ್ಕು ದಿನ ಬಿಟ್ಟು ಅವನಮ್ಮ ಆ ಅಂಗಿಯ ರಕ್ತದ ಕಲೆ ತೊಳೆದು, ಇಸ್ತ್ರಿ ಮಾಡಿ, ಮೇಲೆ ತಂದುಕೊಟ್ಟರು. "ನಮ್ ಹುಡ್ಗ ನಿಮ್ ವಸ್ತು ಮುಟ್ಟಿದ್ದು ತಪ್ಪಾಯ್ತಪ್ಪ, ಮನಸ್ಸಲ್ಲಿ ಇಟ್ಕೋಬೇಡಿ" ಎಂದರು. ನಾನು, "ಪರವಾಗಿಲ್ಲಮ್ಮ" ಎಂದೆ. ನಾನು ಅವರನ್ನು ಕ್ಷಮಿಸಿದೆ!

ಬಾಬು ಅರ್ಧ ಮೀಸೆ ಬೋಳಿಸಲಿಲ್ಲ. ನಾನೂ ಕೇಳಲಿಲ್ಲ.

ಕೆಂಪಣ್ಣನವರ ಮೇಲೆ ಕೇಸಾಯಿತು. ಪೊಲೀಸಿನವರ ಹಿಂದೆಯೇ ಅಬಕಾರಿಯವರೂ ಬಂದರು. ಗಣೇಶನ ಹಬ್ಬ ಕಳೆದು ಒಂದು ಮಧ್ಯಾಹ್ನ ಅವರು ನನಗೆ ಹೇಳಿಕಳಿಸಿದರು. ಬಾರಿನಲ್ಲಿ ಜನ ಕಡಿಮೆಯಾಗಿದ್ದರು. ಮೂಲೆಯ ಮೇಜಿನಲ್ಲಿ ಅವರ ವಕೀಲರು ಕಾಗದ ಹರಡಿಕೊಂಡು ಕುಳಿತಿದ್ದರು. ಕೆಂಪಣ್ಣ ನನ್ನನ್ನು ಎದುರು ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಅಂಗಿ ತಂತಿ ಮೇಲೆ ಸಿಕ್ತು ಅಂತಿಟ್ಕೊಳಣ ಸೀನಪ್ಪ. ಉಗುರಿನ ಮಸೀನೂ ತಂತಿ ಮೇಲೆ ಒಣಗ್ತಿತ್ತಾ? ಫೋರ್‌ಮನ್ ಹೆಸ್ರೂ ಅಲ್ಲೇ ಒಣಗಾಕಿದ್ದಾ?"

ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ಅವರಿಗೆ ಉತ್ತರ ಸಿಕ್ಕಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ವಕೀಲರ ಕಡೆ ತಿರುಗಿ, "ಇವ್ರಿಗೆ ಹೇಳಿ ಸ್ವಾಮಿ" ಎಂದರು.

ವಕೀಲರು ಬಿಡಿಸಿ ಹೇಳಿದರು. "ಕೊಟ್ಟಿದ್ದು ಸಪ್ಲಾಯರ್ ಆಗ್ಲಿ, ಮೋಸ ಮಾಡಿದ್ದು ಇನ್ಯಾರೋ ಆಗ್ಲಿ, ಲೈಸೆನ್ಸ್ ಯಾರ ಹೆಸರಲ್ಲಿದ್ಯೋ ಅವ್ರೇ ಜವಾಬ್ದಾರಿ. ನಂಗೊತ್ತಿರ್ಲಿಲ್ಲ ಅಂದ್ರೆ ದಂಡ ಕಮ್ಮಿ ಆಗ್ಬೋದು, ತಪ್ಪಲ್ಲ ಅಂತ ಆಗಲ್ಲ. ಆದ್ರೆ ಲೈಸೆನ್ಸ್ ಉಳ್ಸೋದು ಬಿಡೋದು ಅಬಕಾರಿ ಸಾಹೇಬ್ರ ಕೈಲಿದೆ. ಇವ್ರು ಕಣ್ಮುಚ್ಕೊಂಡ್ ಕೊಡ್ಲಿಲ್ಲ, ಪರೀಕ್ಷೆ ಮಾಡೇ ಕೊಟ್ರು, ಬೇರೆಯವ್ರು ಬೇಕಂತ್ಲೇ ಹುಡುಗನಿಗ್ ವೇಷ ಹಾಕಿ ಕಳ್ಸಿದ್ರು ಅಂತ ಒಬ್ರು ಬಂದು ಹೇಳಿದ್ರೆ ಉಳೀಬೋದು." ಆಮೇಲೆ ನನ್ನ ಮುಖ ನೋಡಿ, "ಮುಚ್ಚುಮರೆ ಬೇಡ. ಹೇಳಿದ್ರೆ ನಿಮ್ ತಲೆಗೂ ಸುತ್ಕೋಬೋದು. ಫ್ಯಾಕ್ಟ್ರೀಲಿ ಬ್ಯಾಡ್ಜ್ ಬೇರೆಯವ್ರಿಗೆ ಕೊಟ್ರೆ ಏನ್ ಮಾಡ್ತಾರೆ ಅಂತ ನಿಮ್ಗೇ ಗೊತ್ತು" ಎಂದರು.

ಗೊತ್ತಿತ್ತು. ಮನೆಗೆ ಕಳಿಸುತ್ತಾರೆ.

"ನಾನ್ ಕೊಟ್ಟಿದ್ದು ಕೊಟ್ಟಿದ್ದೇ" ಎಂದರು ಕೆಂಪಣ್ಣ. "ದಂಡ ಕಟ್ತೀನಿ. ಆ ಮಗೂಗ್ ಏಟಾಗಿದ್ದು ನನ್ ಬಾಗ್ಲಿಂದ ಹೋದ್ಮೇಲೇನೇ. ಆದ್ರೆ ಹೊಲ ಹೋಯ್ತು, ಇದೊಂದ್ ಉಳ್ದಿದೆ. ಬಂದ್ ಒಂದ್ ಮಾತ್ ಹೇಳ್ತೀಯಾ?"

"ಬರ್ತೀನಿ ಕೆಂಪಣ್ಣೋರೇ. ಸತ್ಯವಾಗ್ಲೂ ಬರ್ತೀನಿ."

ಹೋದೆ. ಮಾತು ತಪ್ಪುವ ಜನ ನಾವಲ್ಲ, ನೋಡಿ!

ಅಬಕಾರಿ ಕಚೇರಿಯ ವಿಚಾರಣೆ ಇದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಉದ್ದ ಮೇಜು, ಸಾಹೇಬರು, ಬರೆದುಕೊಳ್ಳುವವರು ಒಬ್ಬರು. ಬ್ಯಾಡ್ಜಿನ ಗುರುತು ಹೇಳಲು ನಮ್ಮ ಫ್ಯಾಕ್ಟರಿಯ ಕಚೇರಿಯಿಂದ ಒಬ್ಬರು ಬಂದು ಮೂಲೆಯಲ್ಲಿ ಕುಳಿತಿದ್ದರು. ಅವರನ್ನು ಕಂಡಾಗಲೇ ವಕೀಲರು ಬ್ಯಾಡ್ಜಿನ ಬಗ್ಗೆ ಹೇಳಿದ ಮಾತು ನೆನಪಾಯಿತು. ಸಾಹೇಬರು ಮೊದಲು ಕೆಂಪಣ್ಣನವರನ್ನು ಕೇಳಿದರು.

"ವಯಸ್ಸು ತಿಳ್ಕೊಳೋಕೆ ಉಗುರು ನೋಡ್ತೀರೇನ್ರೀ? ಎತ್ತಿಗೆ ಹಲ್ ನೋಡ್ದಂಗೆ?"

"ಹೌದು ಸ್ವಾಮಿ. ಇಷ್ಟ್ ವರ್ಷ ತಪ್ಪಿರ್ಲಿಲ್ಲ."

ಆಮೇಲೆ ನಾನು.

"ಹುಡುಗ ಹಾಕ್ಕೊಂಡಿದ್ದ ಅಂಗಿ ನಿಮ್ದಾ?"

"ನಂದೇ ಸಾರ್."

"ಹುಡುಗನಿಗೆ ನೀವೇ ಹಾಕ್ಸಿ ಕಳ್ಸಿದ್ರಿ ಅಂತಾರಲ್ಲ ಇವ್ರು?"

ಮೂಲೆಯಲ್ಲಿ ಕುಳಿತವರು ಪೆನ್ನಿನ ಕ್ಯಾಪು ತೆಗೆದರು. ಹೌದು ಸಾರ್ ಎಂಬ ಎರಡೇ ಪದ ಸಾಕಿತ್ತು. ನನ್ನ ಬಾಯಿ ತನಗೆ ಅಭ್ಯಾಸವಿದ್ದ ದಾರಿ ಹಿಡಿಯಿತು.

"ಸಾರ್, ನಾನು ತಂತಿ ಮೇಲೆ ಹಾಕಿದ್ದೆ. ಅದೊಂದೇ ನನ್ನ್ ಬಿಟ್ಟು ಬಾರ್‌ಗ್ ಹೋಗುತ್ತೆ ಅಂತ ಗೊತ್ತಿದ್ರೆ, ಜೊತೆಗ್ ಪ್ಯಾಂಟೂ ಕಳ್ಸ್ತಿದ್ದೆ. ಬರೀ ಅಂಗೀಲಿ ಹೋಗೋದು ಮರ್ಯಾದೆ ಅಲ್ಲ ನೋಡಿ."

ಸಾಹೇಬರು ನಕ್ಕರು. ಬರೆದುಕೊಳ್ಳುವವರು ನಕ್ಕರು. ಮೂಲೆಯವರು ಕ್ಯಾಪು ಹಾಕಿಕೊಂಡು ನಕ್ಕರು. ನಗು ಕೇಳಿದರೆ ನಾನು ನಿಲ್ಲುವವನಲ್ಲ.

"ಮತ್ತೆ ಉಗುರಿನ ಮಸಿ?" ಎಂದರು ಸಾಹೇಬರು, ಇನ್ನೂ ನಗುತ್ತಲೇ.

"ಹುಡುಗ್ರು ಸಾರ್. ಸೈಕಲ್ ಚೈನ್ ಮುಟ್ಟಿರ್ತಾರೆ. ಉಗುರು ನೋಡಿ ಲೆಕ್ಕ ಹಾಕಿದ್ರೆ ನಮ್ ಬೀದಿ ಸೈಕಲ್ ಶಾಪೋನಿಗೆ ನೂರು ವರ್ಷ ಆಗಿರ್ಬೇಕು."

ಮತ್ತೆ ನಗು. ನಾನು ಮಾಡಿದ ಅತ್ಯುತ್ತಮ ನಾಟಕ ಅದು. ಅಷ್ಟು ದೊಡ್ಡ ಕಚೇರಿಯ ಅಷ್ಟು ದೊಡ್ಡ ಸಾಹೇಬರನ್ನು ನಗಿಸಿದ ಟರ್ನರ್ ಇನ್ನೊಬ್ಬನಿಲ್ಲ. ಕೆಂಪಣ್ಣ ಮಾತ್ರ ನಗಲಿಲ್ಲ. ತಮ್ಮ ಎರಡೂ ಅಂಗೈ ಮೇಜಿನ ಮೇಲಿಟ್ಟು ಅವನ್ನೇ ನೋಡುತ್ತಿದ್ದರು. ಎದುರು ಬೆಂಚಿನಲ್ಲಿ ರಾಘುವೂ ಇದ್ದ, ಕೈಗೆ ಪ್ಲಾಸ್ಟರ್ ಹಾಕಿಕೊಂಡು. ಅವನ ಸರದಿ ಬಂದಾಗ ತಂತಿಯ ಕತೆಯನ್ನು ಒಂದಕ್ಷರ ತಪ್ಪದೆ ಹೇಳಿದ.

ಹೊರಗಿನ ವರಾಂಡದಲ್ಲಿ ಕೆಂಪಣ್ಣ ನನ್ನ ಹತ್ತಿರ ಬಂದರು.

"ಚೆನ್ನಾಗ್ ಹೇಳ್ದೆ ಕಣಪ್ಪ" ಎಂದರು. "ನಂಗೂ ನಗು ಬರೋದ್ರಲ್ಲಿತ್ತು."

ಅಷ್ಟೇ. ಪಂಚೆ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಇಳಿದು ಹೋದರು.

ಕೋರ್ಟು ದಂಡ ಹಾಕಿತು, ಅವರು ಕಟ್ಟಿದರು. ಮುಂದಿನ ಜುಲೈಗೆ ಲೈಸೆನ್ಸಿನ ವರ್ಷ ಮುಗಿದಾಗ ಅಬಕಾರಿಯವರು ಅದನ್ನು ಹೊಸದು ಮಾಡಿಕೊಡಲಿಲ್ಲ. ನಾನು ಆ ದಾರಿ ಬಿಟ್ಟು ಸುತ್ತುಬಳಸಿ ಫ್ಯಾಕ್ಟರಿಗೆ ಹೋಗುತ್ತಿದ್ದೆ, ಆದರೂ ಒಮ್ಮೆ ನೋಡಿದೆ: ಮಳೆಯಲ್ಲಿ ಹನ್ನೆರಡು ಮೇಜು ರಸ್ತೆಯ ಪಕ್ಕ ಕಾಲು ಮೇಲೆ ಮಾಡಿ ಬಿದ್ದಿದ್ದವು, ಕೆಂಪಣ್ಣ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಅವರು ಮೂಡಲಪಾಳ್ಯದ ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ ಕೂರುತ್ತಾರೆಂದು ಬಾಬು ಹೇಳಿದ. ಆ ಮಂಟಪದಲ್ಲಿ ನಡೆದ ನನ್ನ ಸ್ವಂತ ಭಾವಮೈದುನನ ಮದುವೆಗೆ ನಾನು ಜ್ವರವೆಂದು ಮಲಗಿಬಿಟ್ಟೆ. ಕೆಲವು ವರ್ಷ ಕಳೆದು ಅವರು ತೀರಿಕೊಂಡ ಸುದ್ದಿ ಬಂತು. ಆಗಲೂ ಹೋಗಲಿಲ್ಲ. ನಾನು ರಿಟೈರ್ ಆಗುವವರೆಗೂ ಅದೇ ಫ್ಯಾಕ್ಟರಿಯಲ್ಲಿ ದುಡಿದೆ. ಬೀಳ್ಕೊಡುಗೆಯ ದಿನ, ಕಪ್ಪು ಚುಕ್ಕೆ ಇಲ್ಲದ ಸೇವೆ ಎಂದು ಹಾರ ಹಾಕಿದರು.

ಹೋದ ತಿಂಗಳು ಕಾಮಾಕ್ಷಿಪಾಳ್ಯದ ಆ ಬಾರಿನ ಎದುರು ನಿಂತವನು ಮಿಕ್ಸಿ ಅಂಗಡಿಗೆ ಹೋಗಲಿಲ್ಲ. ಜಾರ್ ಹಿಡಿದುಕೊಂಡೇ ಆಟೋ ಹತ್ತಿ ನಂದಿನಿ ಲೇಔಟಿಗೆ ಹೋದೆ. ರಾಘು ಈಗ ಅಲ್ಲಿದ್ದಾನೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ರಿಟೈರ್‌ಮೆಂಟ್ ಹತ್ತಿರ. ಆವತ್ತು ರಜೆಯಲ್ಲಿದ್ದ. ಬಾಗಿಲು ತೆರೆದು, "ಅರೆ ಸೀನಣ್ಣ, ಏನಿದು ಜಾರ್ ಸಮೇತ?" ಎಂದು ಬಲಗೈ ಚಾಚಿದ. ಆ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ.

ಕುಳಿತ ತಕ್ಷಣ ಶುರು ಮಾಡಿದೆ. ಧೈರ್ಯ ಆರುವ ಮೊದಲೇ ಹೇಳಿಬಿಡಬೇಕಿತ್ತು. "ರಾಘು, ಕೆಂಪಣ್ಣೋರ ವಿಷ್ಯ ಕಣೋ. ಆ ಅಂಗಿ, ಆ ಮಸಿ..."

ಅವನು ನಕ್ಕು ಕೈ ಅಡ್ಡ ತಂದ. "ಅಯ್ಯೋ, ಅದನ್ನ ಇನ್ನೂ ನೆನಪಿಟ್ಕೊಂಡಿದೀರಾ? ನಾನೇ ನಿಮ್ಗೆ ಸಾರಿ ಹೇಳ್ಬೇಕು. ತಂತಿ ಮೇಲಿಂದ ಎಗರಿಸ್ಕೊಂಡ್ ಹೋಗಿ ನಿಮ್ಮನ್ನ ಅಬಕಾರಿ ಆಫೀಸ್ ಮೆಟ್ಲು ಹತ್ಸ್‌ಬಿಟ್ಟೆ."

"ತಂತಿ ಮೇಲಿರ್ಲಿಲ್ಲ ಕಣೋ. ನಾನೇ ಹಾಕ್ಸಿದ್ದು."

ಅವನು ನನ್ನ ಮುಖವನ್ನೇ ನೋಡಿದ. ನಾನು ಏನೋ ಹೊಸ ಕೀಟಲೆ ಹೂಡುತ್ತಿದ್ದೇನೆ ಎಂದುಕೊಂಡ. ಒಳಗೆ ಹೆಂಡತಿಗೆ ಕೂಗಿ, "ನೋಡೇ, ಸೀನಣ್ಣ ಬಂದಿದಾರೆ, ಈ ವಯಸ್ಸಲ್ಲೂ ಬಿಟ್ಟಿಲ್ಲ" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಪೊಲೀಸಿಗೆ, ಅಪ್ಪನಿಗೆ, ಸಾಹೇಬರಿಗೆ, ಹೆಂಡತಿಗೆ, ಮಕ್ಕಳಿಗೆ ಅಷ್ಟು ಸಲ ಹೇಳಿ ಹೇಳಿ, ನನಗಾಗಿ ಕಟ್ಟಿದ ಸುಳ್ಳೇ ಅವನಿಗೆ ನೆನಪಾಗಿ ಕೂತಿತ್ತು. ನಿಜ ಏನೆಂದು ಬಲ್ಲ ಕೆಂಪಣ್ಣ ಬದುಕಿಲ್ಲ, ಬಾಬುವೂ ಈಗ ಇಲ್ಲ.

"ಒಂದ್ ಮಾತ್ ಹೇಳ್ತೀನಿ ಸೀನಣ್ಣ" ಎಂದ ರಾಘು, ಈ ಸಲ ನಗದೆ. "ಆವತ್ತು ಆ ಬಾರಲ್ಲಿ ನೀವ್ ಇದ್ದಿದ್ರೆ, ನನ್ ಕೈಯಿಂದ ಗ್ಲಾಸ್ ಕಿತ್ಕೊಂಡಿರ್ತಿದ್ರಿ."

ಅವನ ಹೆಂಡತಿ ಕಾಫಿ ತಂದಳು. ಕುಡಿದೆ. ಎದ್ದು ಬಂದೆ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ರಾಘು, ಓದು, ನಗಬೇಡ. ನಾನು ಅಲ್ಲೇ ಇದ್ದೆ ಕಣೋ. ಎರಡು ಮೇಜು ಈಚೆ, ಗೋಡೆ ಬದಿಗೆ. ನೀನು ಗ್ಲಾಸು ಎತ್ತಿ ನನ್ನ ಮುಖ ನೋಡಿದೆ. ನಾನೂ ನೋಡಿದೆ.